ಕಣ್ಣಿಗೆ ಅರಿವಿ ಕಟ್ಟೋ ಟ್ರೈನಿಂಗ್ ಬಿಡ್ರಿ, ಟೇಪ್ ಹಿಡ್ಕೊಂಡು ಪಂಚಾಯ್ತಿಗೆ ನಡೀರಿ

ಯುವಕ ಸಂಘದವರಿಗೆ, ಎನ್‌ಎಸ್‌ಎಸ್ ಹುಡುಗರಿಗೆ ಅಂಗವಿಕಲರ ಹಕ್ಕಿನ ಬಗ್ಗೆ ಟ್ರೈನಿಂಗ್ ಕೊಡ್ರಿ ಅಂತ ಕಲಬುರಗಿ, ಯಾದಗಿರಿ ಕಡೆ ಸಂಸ್ಥೆಯವರು ಕರೆದಾಗ ಬಹಳ ಸಲ ಒಂದು ಮಾತು ಬಂದೇ ಬರ್ತದ, "ಸರ್, ಆ ಕಣ್ಣಿಗೆ ಅರಿವಿ ಕಟ್ಟಿ ನಡೆಸೋ ಆಟ ಆಡಸ್ರಿ, ಹುಡುಗರ ಮನಸ್ಸಿಗೆ ನಾಟತದ." ನಾನು ಅದನ್ನ ಆಡ್ಸಂಗಿಲ್ಲ. ಐದು ನಿಮಿಷ ಕಣ್ಣು ಮುಚ್ಚಿಕೊಂಡವನಿಗೆ ಬರೋದು ಬರೀ ಅಂಜಿಕೆ, ಗ್ವಾಡಿಗೆ ಹಾಯ್ದು ಅರಿವಿ ಬಿಚ್ಚಿ "ಅಯ್ಯೋ ಪಾಪ, ಇವರ ಬದುಕು ಎಷ್ಟು ಕಷ್ಟ" ಅಂತಾನ, ಅಲ್ಲಿಗೆ ಮುಗೀತು. ಹುಟ್ಟಿನಿಂದ ಕಣ್ಣು ಕಾಣದವ ಕೋಲು ಹಿಡ್ಕೊಂಡು ಕಲಬುರಗಿ ಸೂಪರ್ ಮಾರ್ಕೆಟ್ ಗದ್ದಲದಾಗ ಒಬ್ಬನೇ ಓಡಾಡ್ತಾನ, ವ್ಯವಹಾರ ಮಾಡ್ತಾನ, ಆ ಕಲಿಕೆ ಈ ಆಟದಾಗ ಎಲ್ಲಿ ಕಾಣಸ್ತದ? ಅವನಿಗೆ ಅಡ್ಡ ಬರೋದು ಫುಟ್‌ಪಾತ್ ಮ್ಯಾಲ ನಿಲ್ಲಿಸಿದ ಬೈಕು, ಬಾಯಿ ತೆರೆದ ಗಟಾರ. ಅದು ಹಕ್ಕಿನ ಪ್ರಶ್ನೆ, ಯಾರೋ ಒಬ್ರು ಉತ್ತರ ಕೊಡಬೇಕಾದ ಪ್ರಶ್ನೆ.

ಮಾನವ ಹಕ್ಕು ಶಿಕ್ಷಣದ ಬಗ್ಗೆ ವಿಶ್ವಸಂಸ್ಥೆ 2011ರಾಗ ಒಂದು ಘೋಷಣೆ ಮಾಡೇದ, ಅದರ ಪ್ರಕಾರ ಈ ಶಿಕ್ಷಣಕ್ಕ ಮೂರು ಭಾಗ: ಹಕ್ಕಿನ ಬಗ್ಗೆ ಕಲಿಯೋದು, ಕಲಿಸೋ ರೀತಿಯೊಳಗೇ ಹಕ್ಕು ಇರೋದು, ಮತ್ತ ಹಕ್ಕು ಚಲಾಯಿಸೋ ಶಕ್ತಿ ಬರೋದು. ನಮ್ಮ ಕಡೆ ಮೊದಲನೇದು ಒಂದೇ ನಡೀತದ, ಪಿಪಿಟಿ ಹಾಕಿ ಸೆಕ್ಷನ್ ಓದೋದು. ಎರಡನೇದರಾಗೇ ನಾವು ಎಡವತೀವಿ.

ಹೆಂಗಂದ್ರ, ಹಾಲ್ ಮೊದಲನೇ ಮಹಡಿ ಮ್ಯಾಲ ಇರ್ತದ, ಲಿಫ್ಟ್ ಇರಂಗಿಲ್ಲ, ಗಾಲಿಕುರ್ಚಿ ಮ್ಯಾಲ ಬಂದ ಹುಡುಗಿನ್ನ ನಾಲ್ಕು ಮಂದಿ ಎತ್ಕೊಂಡು ಹೋಗ್ತಾರ, ಎತ್ತಿದವರಿಗೆ ಪುಣ್ಯ ಬಂದಂಗ ಅನಸ್ತದ, ಆಕಿಗೆ ಏನನಸ್ತು ಅಂತ ಯಾರೂ ಕೇಳಂಗಿಲ್ಲ. ಶೌಚಾಲಯಕ್ಕ ಗಾಲಿಕುರ್ಚಿ ಹೋಗಂಗಿಲ್ಲ ಅಂತ ಗೊತ್ತಿದ್ದ ಹೆಣ್ಣುಮಕ್ಕಳು ನಮ್ಮ ಬ್ಯಾಸಗಿ ಬಿಸಲಾಗೂ ದಿನಪೂರ್ತಿ ನೀರು ಕುಡೀದೆ ಕೂಡ್ತಾರ, ಇದನ್ನ ನಾನು ಎಲ್ಲಾ ಆಯೋಜಕರಿಗೂ ಮೊದಲೇ ಹೇಳ್ತೀನಿ, ಊಟದ ಮೆನು ಆಮ್ಯಾಲ ನೋಡೋಣು, ಮೊದಲು ಶೌಚಾಲಯ ತೋರಸ್ರಿ. ಕಿವಿ ಕೇಳದವರು ಬರ್ತಾರಂದ್ರ ಸನ್ನೆ ಭಾಷೆಯವರು ಬೇಕು, ಮಾತಾಡೋವಾಗ ಮುಖ ಆ ಹುಡುಗನ ಕಡೆ ಇರ್ಬೇಕು, ಸನ್ನೆ ಮಾಡೋರ ಕಡೆ ಅಲ್ಲ. ತಾಂಡಾದಿಂದ ಬರೋರಿಗೆ ಸಂಜಿ ಬಸ್ ತಪ್ಪಿದ್ರ ಮುಗೀತು, ಅದಕ್ಕ ನಾಲ್ಕಕ್ಕೇ ಬಿಡ್ಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೇ ಹೇಳ್ತದ. ಒಬ್ಬ ವ್ಯಕ್ತಿಗೆ ಬೇಕಾದ ಬದಲಾವಣೆ, ಮಾಡೋರಿಗೆ ಅತಿಯಾದ ಭಾರ ಆಗದಂಗ ಇದ್ರೂ ಮಾಡಿಕೊಡಲಿಲ್ಲಂದ್ರ ಅದೂ ತಾರತಮ್ಯನೇ. 1995ರ ಕಾಯ್ದೆಯೊಳಗ 7 ಬಗೆ ಅಂಗವೈಕಲ್ಯ ಇದ್ದವು, ಈಗ 21 ಅವ, ಆಸಿಡ್ ದಾಳಿಗೆ ಒಳಗಾದವರು, ಥಲಸೇಮಿಯಾ ಇದ್ದವರು, ಕಲಿಕಾ ತೊಂದರೆ ಇದ್ದವರು ಎಲ್ಲಾ ಇದರಾಗ ಬರ್ತಾರ. ಮಂದಿ ಎದುರು ಬೇಕಂತಲೇ ಅವಮಾನ ಮಾಡಿದ್ರ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೂ ಜೈಲು, ಜೊತಿಗೆ ದಂಡ. ಇದನ್ನ ಹೇಳಿದಾಗ ಹಾಲ್ ಗಪ್ಪಾಗತದ, ಯಾಕಂದ್ರ ಊರಾಗ ಕಾಲಿನ ಮ್ಯಾಲ, ಕಣ್ಣಿನ ಮ್ಯಾಲ ಅಡ್ಡಹೆಸರು ಇಟ್ಟು ಕರೆಯೋದು ಎಲ್ಲರೂ ಕೇಳಿ ಬೆಳೆದವರೇ.

ಇಷ್ಟಾದ ಮ್ಯಾಲ ಟೇಪ್ ಕೊಟ್ಟು ಹೊರಗ ಕಳಸ್ತೀನಿ. ಹತ್ತಿರದ ಗ್ರಾಮ ಪಂಚಾಯ್ತಿ, ಅಂಗನವಾಡಿ, ದವಾಖಾನಿ ನೋಡ್ಕೊಂಡು ಬರ್ಬೇಕು, ಗುಂಪಿನ ಮುಂದಾಳು ಅಂಗವಿಕಲರೇ ಆಗಿರ್ಬೇಕು. ಲೆಕ್ಕ ಸರಳ ಅದ, ಒಂದು ಫೂಟ್ ಎತ್ತರಕ್ಕ ಕನಿಷ್ಠ 12 ಫೂಟ್ ಉದ್ದದ ರ‍್ಯಾಂಪ್ ಬೇಕು. ಕಟ್ಟಿ ಎರಡು ಫೂಟ್ ಇದ್ದು ರ‍್ಯಾಂಪ್ ಆರೇ ಫೂಟ್ ಇದ್ರ ಅದು ರ‍್ಯಾಂಪ್ ಅಲ್ಲ, ಜಾರುಬಂಡಿ. ನಮ್ಮ ಕಡೆ ಇನ್ನೊಂದು, ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಹಾಸಿಬಿಡ್ತಾರ, ಮಳಿ ಬಿದ್ರ ನಡೆಯೋರೇ ಜಾರತಾರ, ಕ್ರಚಸ್‌ನವರ ಪಾಡು ಕೇಳಬ್ಯಾಡ್ರಿ. ಬಾಗಿಲು 90 ಸೆಂಟಿಮೀಟರ್ ಅದನೋ ಇಲ್ಲೋ, ಹಿಡ್ಕೊಳ್ಳಾಕ ಕಂಬಿ ಅವನೋ ಇಲ್ಲೋ, ಎಲ್ಲಾ ಬರ್ಕೊಂಡು ಫೋಟೋ ಸಮೇತ ಬರ್ತಾರ. ಬೆಳಿಗ್ಗೆ "ನಾವು ಇವರಿಗೆ ಹೆಂಗ ಸಹಾಯ ಮಾಡೋದು ಸರ್" ಅಂತ ಕೇಳಿದ ಹುಡುಗರೇ ಮಧ್ಯಾಹ್ನ "ಇದನ್ನ ಹಿಂಗ ಕಟ್ಟಾಕ ಯಾರು ಒಪ್ಪಿಗೆ ಕೊಟ್ರು" ಅಂತ ಕೇಳ್ತಾರ. ನನಗ ಬೇಕಾಗಿದ್ದು ಆ ಪ್ರಶ್ನೆ, ಅದನ್ನ ಕೇಳಿದಾಗೆಲ್ಲ ಭಾಳ ಖುಷಿ ಆಗತದ.

ಮೂರನೇ ಭಾಗ ಟ್ರೈನಿಂಗ್ ಮುಗಿದ ಮ್ಯಾಲ ಶುರು. ಗ್ರಾಮ ಪಂಚಾಯ್ತಿಯೊಳಗ ಅಂಗವಿಕಲರಿಗಂತ ಶೇ 5ರಷ್ಟು ಹಣ ತೆಗೆದಿಡಬೇಕು, ಇದು ಎಷ್ಟೋ ಯುವಕ ಸಂಘದವರಿಗೆ ಗೊತ್ತೇ ಇರಂಗಿಲ್ಲ. ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದ್ರ ಊರಾಗ ಅಂಗವಿಕಲರ ಕೆಲಸ ನೋಡ್ಕೊಳ್ಳೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರನ್ನ ಮೊದಲು ಭೆಟ್ಟಿ ಆಗ್ರಿ, ಬಹಳಷ್ಟು ಮಂದಿ ತಾವೇ ಅಂಗವಿಕಲರು, ಯಾರಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಆಗಿಲ್ಲ, ಯಾವ ಮನ್ಯಾಗ ಹುಡುಗಿನ್ನ ಹೊರಗ ಕಳಸಂಗಿಲ್ಲ ಅನ್ನೋದು ಅವರಿಗೆ ಗೊತ್ತಿರ್ತದ. ಆಮ್ಯಾಲ ಆ ಮನಿಗೆ ಹೋಗಿ ಅವ್ವನ ಜೊತಿ ಕೂತು ಮಾತಾಡ್ರಿ, ಆದ್ರ ಹುಡುಗಿಗೆ ಕೇಳೋ ಪ್ರಶ್ನೆ ಹುಡುಗಿಗೇ ಕೇಳ್ರಿ.

ಗ್ರಾಮಸಭಾದಾಗ ಬಾಯಿಮಾತಿಗೆ ಬಿಡಬ್ಯಾಡ್ರಿ. ಹೋದ ವರ್ಷ ಶೇ 5ರ ಹಣ ಎಷ್ಟಿತ್ತು, ಯಾವುದಕ್ಕ ಖರ್ಚಾತು ಅಂತ ಬರೆದು ಪಿಡಿಒ ಅವರಿಗೆ ಕೊಟ್ಟು, ಸೀಲ್ ಹಾಕಿದ ಒಂದು ಪ್ರತಿ ಕೈಯಾಗ ಇಟ್ಕೊಳ್ರಿ. ಉತ್ತರ ಬರ್ಲಿಲ್ಲಂದ್ರ ಆರ್‌ಟಿಐ ಹಾಕ್ರಿ, ತಾಲೂಕ ಪಂಚಾಯ್ತಿಗೆ ಹೋಗ್ರಿ, ಹಕ್ಕು ಮೊಟಕಾಗಿದ್ರ ಅಂಗವಿಕಲರ ರಾಜ್ಯ ಆಯುಕ್ತರಿಗೂ ದೂರು ಬರೀಬಹುದು. ಅರ್ಜಿ ಮ್ಯಾಲ ಮೊದಲನೇ ಸಹಿ ಮಾತ್ರ ಆ ಊರಿನ ಅಂಗವಿಕಲರದೇ ಇರ್ಲಿ, ಸಂಘದ ಅಧ್ಯಕ್ಷರದು ಆಮ್ಯಾಲ.