ಬ್ರ್ಯಾಂಡ್ ಇದ್ದರೆ ಮಕ್ಕಳು ತಾವಾಗೇ ಬರುತ್ತಾರಾ?

ಪ್ರಶ್ನೆ: ಕಾರವಾರದಲ್ಲಿ ಪ್ಲೇ ಸ್ಕೂಲ್ ಫ್ರಾಂಚೈಸಿ ತೆಗೆದುಕೊಳ್ಳಬೇಕೆಂದಿದ್ದೇನೆ. ದೊಡ್ಡ ಬ್ರ್ಯಾಂಡ್. ರಿಸ್ಕ್ ಕಡಿಮೆ ಅಲ್ವಾ?

ಅಲ್ಲ. ಬಿಸಿಲು ಏರುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ಇದನ್ನೇ ಹೇಳುತ್ತೇನೆ. ಊರಿನ ಸಣ್ಣ ಶಾಲೆಗಳ ಲೆಕ್ಕ ಬರೆಯುವವನು ನಾನು. ಹಾಗಾಗಿ ಮೊದಲು ಲೆಕ್ಕವನ್ನೇ ನೋಡೋಣ.

ಉದಾಹರಣೆಗೆ 30 ಮಕ್ಕಳು, ವರ್ಷಕ್ಕೆ ತಲಾ 30,000 ಫೀ. ಬಂದದ್ದು 9 ಲಕ್ಷ. ಕಾಜುಬಾಗದಲ್ಲೋ ಹಬ್ಬುವಾಡದಲ್ಲೋ ಅಂಗಳವಿರುವ ಮನೆಗೆ ತಿಂಗಳಿಗೆ 25,000 ಬಾಡಿಗೆ ಎಂದರೆ ವರ್ಷಕ್ಕೆ 3 ಲಕ್ಷ. ಮೂವರು ಟೀಚರ್‌ಗೆ ತಲಾ 9,000, ಆಯಾಗೆ 6,000. ಅದು 3,96,000. ಹೆಸರು ಬಳಸಲು ಬ್ರ್ಯಾಂಡ್ ಕಂಪನಿಗೆ ಕೊಡುವ 15% ರಾಯಲ್ಟಿ 1,35,000, ಅದರ ಮೇಲೆ 18% ಜಿಎಸ್‌ಟಿ 24,300. ಉಳಿದದ್ದು 44,700. ಕರೆಂಟು, ವ್ಯಾನಿನ ಡೀಸೆಲ್, ಸಾಲದ ಬಡ್ಡಿ ಇನ್ನೂ ಬಂದೇ ಇಲ್ಲ. 30ರ ಜಾಗದಲ್ಲಿ 22 ಮಕ್ಕಳು ಸೇರಿದರೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಕೈಯಿಂದ ಹೋಗುತ್ತದೆ. ಆಗಲೂ ರಾಯಲ್ಟಿ ಕೊಡಲೇಬೇಕು. ಅದನ್ನು ಲೆಕ್ಕ ಹಾಕುವುದು ಬಂದ ಫೀ ಮೇಲೆ, ಲಾಭದ ಮೇಲಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕರಾರಿನ ಆ ಪುಟವನ್ನು ಓದದೆ ಸಹಿ ಹಾಕಿ ಬರುತ್ತಾರೆ. ಪ್ರೀಸ್ಕೂಲ್ ಫೀಗೆ ಜಿಎಸ್‌ಟಿ ಇಲ್ಲ ಎಂದು ಖುಷಿಪಡಬೇಡಿ. ಅದೇ ಕಾರಣಕ್ಕೆ, ನೀವು ಕಂಪನಿಗೆ ಕಟ್ಟುವ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ. ಅದು ಪೂರ್ತಿ ನಿಮ್ಮ ಖರ್ಚು.

ಇನ್ನು ‘ಬ್ರ್ಯಾಂಡ್ ನೋಡಿ ಮಕ್ಕಳು ಬರುತ್ತಾರೆ’ ಎಂಬ ಮಾತು. ಇದೊಂದನ್ನು ತಲೆಯಿಂದ ತೆಗೆದುಹಾಕಿ. ಬೋರ್ಡು ನೋಡಿ ಬರುವುದು ಫೋನ್ ಕಾಲ್, ಅಷ್ಟೇ. ಅಡ್ಮಿಷನ್‌ಗೆ ಬಂದ ಅಮ್ಮಂದಿರು ಏನು ಕೇಳುತ್ತಾರೆ ಎಂದು ಒಂದು ಬೆಳಿಗ್ಗೆ ಕುಳಿತು ಕೇಳಿಸಿಕೊಳ್ಳಿ. ‘ಟೀಚರ್ ಯಾರು? ಎಲ್ಲಿಯವರು? ಕೊಂಕಣಿ ಬರುತ್ತದಾ?’ ಎರಡೂವರೆ ವರ್ಷದ ಮಗು ‘ಆಯಿ, ಆಯಿ’ ಎಂದು ಅಳುವಾಗ ಅದರ ಮಾತಿನಲ್ಲೇ ಸಮಾಧಾನ ಹೇಳುವವರು ಬೇಕು. ಅದು ಬ್ರ್ಯಾಂಡಿನ ಕಿಟ್‌ನಲ್ಲಿ ಬರುವುದಿಲ್ಲ. ನೌಕಾನೆಲೆಯ ಕುಟುಂಬಗಳು ಹೆಸರು ನೋಡಿ ಬರಬಹುದು, ನಿಜ. ವರ್ಗಾವಣೆ ಆದರೆ ವರ್ಷದ ನಡುವೆಯೇ ಹೋಗುತ್ತವೆ, ಅದೂ ನಿಜ.

ನಾನು ಲೆಕ್ಕ ನೋಡುತ್ತಿದ್ದ ಒಂದು ಕಡೆ ಹಳೆಯ ಟೀಚರ್ ಒಬ್ಬರು ಕೆಲಸ ಬಿಟ್ಟು, ಎರಡು ಬೀದಿ ಆಚೆ ತಮ್ಮ ಮನೆ ಜಗಲಿಯಲ್ಲೇ ಪ್ಲೇ ಸ್ಕೂಲ್ ಶುರು ಮಾಡಿದರು. ಮುಂದಿನ ಜೂನ್‌ನಲ್ಲಿ 11 ಮಕ್ಕಳು ಅವರ ಹಿಂದೆ ಹೋದರು. ಬ್ರ್ಯಾಂಡು ಗೋಡೆಯ ಮೇಲೇ ಇತ್ತು. ‘ಬಾಂಡ್ ಬರೆಸಿಕೊಂಡಿದ್ದೇವಲ್ಲ’ ಎಂದು ಮಾಲೀಕರು ನನ್ನ ಬಳಿ ಬಂದರು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟವರು ಅದೇ ಕಸುಬು ಮಾಡಬಾರದು ಎಂಬ ಷರತ್ತಿಗೆ ಬೆಲೆ ಇಲ್ಲ ಎಂದು ಹೇಳಬೇಕಾಯಿತು.

ಬಾಡಿಗೆ ಕರಾರನ್ನೂ ನೋಡಿಕೊಳ್ಳಿ. ಫ್ರಾಂಚೈಸಿ ಐದು ವರ್ಷಕ್ಕೆ, ಮನೆ 11 ತಿಂಗಳಿಗೆ ಎಂದಾದರೆ ಮಾಲೀಕರು ಬಿಡಿ ಎಂದ ದಿನ ನಿಮ್ಮ ಶಾಲೆ ಬೀದಿಯಲ್ಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚಿಗೆ ಹಿಂಜರಿಯಬೇಡಿ.

ನಮ್ಮ ಮಳೆಗಾಲವಂತೂ ಯಾವ ಕಂಪನಿಯ ಪ್ಲಾನ್‌ನಲ್ಲೂ ಇರುವುದಿಲ್ಲ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನವೂ ಬಾಡಿಗೆ ಓಡುತ್ತದೆ. ಗೋಡೆಯ ಕಾರ್ಟೂನ್ ಸ್ಟಿಕರ್ ಅಂಚಿನಲ್ಲಿ ಏಳುತ್ತದೆ, ಅದರ ಹಿಂದೆ ಹಸಿರು ಬೂಷ್ಟು. ಕರಾರಿನ ಪ್ರಕಾರ ಹೊಸ ಸ್ಟಿಕರನ್ನು ಕಂಪನಿಯಿಂದಲೇ ತರಿಸಬೇಕು. ಊರಿನ ಪೇಂಟರ್ ಅದರ ಕಾಲು ಭಾಗದ ದುಡ್ಡಿಗೆ ಬರೆದುಕೊಡುತ್ತಿದ್ದ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಬಾಗಿಲು ಹಾಕಿದ ಮೇಲೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮಕ್ಕಳೇ ಇರಲಿಲ್ಲ. ಆಗ ಕಂಪನಿಗೆ ಏನು ಕೊಡಬೇಕು ಎಂಬ ಸಾಲು ನಾನು ನೋಡಿದ ಯಾವ ಕರಾರಿನಲ್ಲೂ ಇರಲಿಲ್ಲ. ನಿಮ್ಮದರಲ್ಲಿ ಹಾಕಿಸಿ.

ಇಷ್ಟು ಪತ್ರಗಳಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಟೀಚರ್‌ಗೆ ಎಷ್ಟು ಸಂಬಳ ಕೊಡಬೇಕು? ಮೇಲಿನ ಲೆಕ್ಕದಲ್ಲಿ 9,000 ಬರೆದಾಗ ನನಗೇ ಬೇಸರವಾಯಿತು. ಆದರೆ ಸುತ್ತಲಿನ ಶಾಲೆಗಳು ಕೊಡುವುದೇ ಅಷ್ಟು. ರಾಯಲ್ಟಿಯ 1,35,000 ಉಳಿದರೆ ಮೂವರಿಗೂ ತಿಂಗಳಿಗೆ ತಲಾ 3,750 ಜಾಸ್ತಿ ಕೊಡಬಹುದು. ಸ್ವಂತ ಹೆಸರಿನಲ್ಲಿ ಶುರು ಮಾಡಿ ಎಂದು ನಾನು ಹೇಳುವುದು ಇದಕ್ಕೇ. ಜೂನ್ ಮೊದಲ ವಾರ ಯಾವುದಾದರೂ ಪ್ಲೇ ಸ್ಕೂಲ್ ಬಾಗಿಲಲ್ಲಿ ನಿಂತು ನೋಡಿ. ಹೊರಗೆ ಜಡಿಮಳೆ, ಒಂದು ಮಗು ಸೊಂಟದ ಮೇಲೆ, ಇನ್ನೊಂದು ಸೆರಗು ಹಿಡಿದುಕೊಂಡಿದೆ, ಟೀಚರ್ ಒಂದೇ ಕೈಯಲ್ಲಿ ಮೂರನೆಯದರ ರೈನ್‌ಕೋಟ್ ಬಿಚ್ಚುತ್ತಿರುತ್ತಾರೆ. ಅವರ ಹೆಸರು ಕೇಳಿಕೊಂಡು ಬನ್ನಿ.