‘ಅವತ್ತೇ ನೂರು ಷೇರು ತಗೊಂಡಿದ್ದಿದ್ರೆ?’

ಪ್ರಶ್ನೆ: ಮೇಷ್ಟ್ರೇ, 1993ರಲ್ಲಿ ಇನ್ಫೋಸಿಸ್‌ನ ನೂರು ಷೇರು ತಗೊಂಡು ಸುಮ್ಮನೆ ಇಟ್ಟಿದ್ದಿದ್ರೆ ಇವತ್ತು ಎಷ್ಟಾಗ್ತಿತ್ತು? ಬೋನಸ್ ಕೊಟ್ಟೂ ಕೊಟ್ಟೂ ಕೋಟ್ಯಧೀಶರನ್ನ ಮಾಡಿದ್ರಂತೆ, ನಿಜವಾ?

ಇದಕ್ಕೆ ಅಮಾನಿಕೆರೆ ಏರಿ ಮೇಲೆ ವಾಕಿಂಗಿನಲ್ಲಿ ಉತ್ತರ ಹೇಳಿದ್ದೇನೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಹೇಳಿದ್ದೇನೆ, ಬೆಂಗಳೂರು ರೈಲಿನಲ್ಲಿ ಒಂಟಿಕಾಲಲ್ಲಿ ನಿಂತೂ ಹೇಳಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕೈಗಿಡುವುದು.

ಮೊದಲು ಲೆಕ್ಕ. ಷೇರೊಂದಕ್ಕೆ 95 ರೂಪಾಯಿ, ನೂರಕ್ಕೆ 9,500. 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್, ಅಂದರೆ ಕೈಲಿರುವ ಒಂದು ಷೇರಿಗೆ ಇನ್ನೊಂದು ಪುಕ್ಕಟೆ: ನೂರು ಎಂಟುನೂರಾಯಿತು. 2000ದಲ್ಲಿ ಹತ್ತು ರೂಪಾಯಿ ಮುಖಬೆಲೆಯ (ಕಾಗದದ ಮೇಲೆ ಬರೆದಿರುವ ಬೆಲೆ, ಪೇಟೆ ದರವಲ್ಲ) ಷೇರನ್ನು ಐದೈದರ ಎರಡು ಮಾಡಿದರು: 1,600. 2004ರಲ್ಲಿ ಒಂದಕ್ಕೆ ಮೂರು: 6,400. ಆಮೇಲೆ 2006, 2014, 2015, 2018, ನಾಲ್ಕು ಸಲ ಒಂದಕ್ಕೊಂದು. ಒಟ್ಟು 1,02,400 ಷೇರು. ದರ 1,500 ಅಂತ ಹಿಡಿದರೆ 15 ಕೋಟಿ 36 ಲಕ್ಷ. ನೀವು ಓದುವ ದಿನದ ದರ ಹಾಕಿ ನೀವೇ ಗುಣಿಸಿಕೊಳ್ಳಿ. ಮಧ್ಯೆ ಬಂದ ಡಿವಿಡೆಂಡ್, ಅಂದರೆ ಕಂಪನಿ ಲಾಭದಲ್ಲಿ ಷೇರುದಾರರಿಗೆ ಹಂಚುವ ಹಣ, ಇದರಲ್ಲಿ ಸೇರಿಲ್ಲ.

ಪ್ರಶ್ನೆಯ ಮೊದಲರ್ಧ ಮುಗಿಯಿತು. ನನಗೆ ತಲೆಬಿಸಿ ಇರುವುದು ಎರಡನೇ ಅರ್ಧದ ಮೇಲೆ.

ಬೋನಸ್ಸಿನಿಂದ ಯಾರೂ ಶ್ರೀಮಂತರಾಗಲಿಲ್ಲ. ಒಬ್ಬರೂ ಆಗಲಿಲ್ಲ. ಕ್ಯಾತ್ಸಂದ್ರದಲ್ಲಿ ಒಂದು ತಟ್ಟೆ ಇಡ್ಲಿ ತಗೊಳ್ಳುತ್ತೀರಿ. ಸಪ್ಲೈಯರ್ ಬಂದು ಅದನ್ನು ಚಮಚದಲ್ಲಿ ಎರಡು ಹೋಳು ಮಾಡಿ, ‘ಒಂದಕ್ಕೊಂದು ಬೋನಸ್ ಸಾರ್’ ಅಂದರೆ ನಿಮ್ಮ ಹೊಟ್ಟೆಗೆ ಎಷ್ಟು ಹೆಚ್ಚು ಹೋಯಿತು? ತಟ್ಟೆಯಲ್ಲಿ ಹೋಳು ಎರಡಾಯಿತು, ಹಿಟ್ಟು ಅಷ್ಟೇ. ಕಂಪನಿ ಮಾಡುವುದೂ ಇದನ್ನೇ. ತನ್ನದೇ ಮೀಸಲು ನಿಧಿಯಲ್ಲಿರುವ ಹಣವನ್ನು ಷೇರು ಬಂಡವಾಳ ಎಂಬ ಇನ್ನೊಂದು ಖಾತೆಗೆ ಬರೆದುಕೊಳ್ಳುತ್ತದೆ. ಹೊರಗಿನಿಂದ ಒಂದು ಪೈಸೆ ಒಳಗೆ ಬರುವುದಿಲ್ಲ, ಒಳಗಿನಿಂದ ಒಂದು ಪೈಸೆ ನಿಮ್ಮ ಕೈಗೆ ಬರುವುದಿಲ್ಲ. 2018ರ ಸೆಪ್ಟೆಂಬರ್ ಬೋನಸ್ಸಿನಲ್ಲಿ ಸಾವಿರದ ನಾನೂರರ ಆಸುಪಾಸಿನಲ್ಲಿದ್ದ ದರ ಏಳುನೂರರ ಆಸುಪಾಸಿಗೆ ಇಳಿಯಿತು. ಅವತ್ತು ನನಗೆ ಫೋನ್ ಮಾಡಿ ‘ಅರ್ಧ ಮುಳುಗಿ ಹೋಯ್ತು’ ಅಂತ ಅತ್ತವರಿದ್ದಾರೆ. ಅದೇ ಜನ ಹೊಸ ಷೇರು ಖಾತೆಗೆ ಬಿದ್ದ ಮೇಲೆ ‘ಡಬಲ್ ಆಯ್ತು’ ಅಂತ ಮೈಸೂರುಪಾಕ್ ತಂದರು. ಎರಡು ಸಲವೂ ಏನೂ ಆಗಿರಲಿಲ್ಲ. ಮೈಸೂರುಪಾಕ್ ಮಾತ್ರ ಚೆನ್ನಾಗಿತ್ತು.

ಇನ್ನೂ ನಂಬಿಕೆ ಬಾರದಿದ್ದರೆ ಲೆಕ್ಕವನ್ನು ತಿರುವಿ ಹಾಕಿ. ಮೇಲೆ ಹೇಳಿದ ಬೋನಸ್ಸು, ವಿಭಜನೆ ಎಲ್ಲ ಸೇರಿ ಒಂದು ಷೇರು 1,024 ಆಗಿದೆ. ಇವು ಯಾವುವೂ ನಡೆಯಲೇ ಇಲ್ಲ ಅಂದುಕೊಳ್ಳಿ. ಆಗ ನಿಮ್ಮ ಬಳಿ ಅದೇ ನೂರು ಷೇರು ಇರುತ್ತಿತ್ತು, ಒಂದೊಂದರ ದರ 1,500ರ 1,024 ಪಟ್ಟು, ಅಂದರೆ 15,36,000 ರೂಪಾಯಿ. ನೂರರಿಂದ ಗುಣಿಸಿ. ಅದೇ 15 ಕೋಟಿ 36 ಲಕ್ಷ! ಬೇರೆ ದಾರಿಯಲ್ಲಿ ನೋಡಿದರೂ ಸರಿ: ಅಂದಿನ 95 ರೂಪಾಯಿಯನ್ನು 1,024ರಿಂದ ಭಾಗಿಸಿದರೆ ಒಂಬತ್ತು ಪೈಸೆ ಚಿಲ್ಲರೆ. ಆ ಒಂಬತ್ತು ಪೈಸೆ 1,500 ಆದದ್ದೇ ಕಥೆ, ಬೋನಸ್ಸಲ್ಲ. ದಶಕಗಳಿಂದ ಬೋನಸ್ ಕೊಡದ ಟೈರ್ ಕಂಪನಿ ಎಂಆರ್‌ಎಫ್‌ನ ಒಂದೇ ಷೇರು 2023ರ ಜೂನ್‌ನಲ್ಲಿ ಲಕ್ಷ ರೂಪಾಯಿ ದಾಟಿತು. ಅವರ ಷೇರುದಾರರು ಬಡವರಾದರೇ?

ಹಾಗಾದರೆ ಬೆಳೆದದ್ದು ಏನು? ವ್ಯಾಪಾರ. ಇನ್ಫೋಸಿಸ್‌ನ ವರ್ಷದ ವರಮಾನ 1999ರಲ್ಲಿ ಹತ್ತು ಕೋಟಿ ಡಾಲರ್ ದಾಟಿತು, 2004ರಲ್ಲಿ ನೂರು ಕೋಟಿ ಡಾಲರ್ ದಾಟಿತು. ಐದೇ ವರ್ಷ. ಹಿಟ್ಟು ಹೆಚ್ಚಾಗಿದ್ದು ಅಲ್ಲಿ. ಮೂವತ್ತು ವರ್ಷ ಕ್ಲಾಸಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಹಿಂದಿನ ಬೆಂಚಿನ ಹುಡುಗರಿಗೂ ಅರ್ಥವಾಗಿದೆ. ಅವರ ಅಪ್ಪಂದಿರಿಗೆ ಆಗುತ್ತಿಲ್ಲ.

‘ಸುಮ್ಮನೆ ಇಟ್ಟಿದ್ದಿದ್ರೆ’ ಅಂತೀರಲ್ಲ, ಅದರ ಬಗ್ಗೆ ಎರಡು ಮಾತು. 1992ರ ಹರ್ಷದ್ ಮೆಹ್ತಾ ಷೇರುಪೇಟೆ ಹಗರಣ ಆಗಿ ವರ್ಷ ಕಳೆಯುವುದರೊಳಗೆ ಬಂದ ಷೇರು ಇದು. ಮಾರಲು ಇಟ್ಟ ಷೇರಿಗೆಲ್ಲ ಗಿರಾಕಿ ಸಿಗಲೇ ಇಲ್ಲ, ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಬಂದು ದೊಡ್ಡ ಪಾಲು ಎತ್ತಿಕೊಂಡಿತು. 9,500ಕ್ಕೆ ಆಗ ಇಪ್ಪತ್ತು ಗ್ರಾಂಗೂ ಮೀರಿ ಬಂಗಾರ ಬರುತ್ತಿತ್ತು. ಅದನ್ನು ಬಿಟ್ಟು ಕಾಗದ ಕೊಂಡರೂ, 2003ರ ಏಪ್ರಿಲ್ 10ರಂದು ಒಂದೇ ದಿನ ಕಾಲು ಭಾಗಕ್ಕೂ ಹೆಚ್ಚು ಕುಸಿದಾಗ, ಮಗಳ ಮದುವೆ ಎದುರಿಗಿದ್ದಾಗ, ಮಾರದೆ ಕೂರುತ್ತಿದ್ದಿರಾ? ಇನ್ನೊಂದು: ಸತ್ಯಂ ಕೂಡ ದೊಡ್ಡ ಸಾಫ್ಟ್‌ವೇರ್ ಕಂಪನಿಯೇ. 2009ರ ಜನವರಿ 7ರಂದು ಅಧ್ಯಕ್ಷರೇ ಲೆಕ್ಕ ಸುಳ್ಳು ಅಂತ ಪತ್ರ ಬರೆದರು, ಷೇರು ಒಂದೇ ದಿನದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಹೋಯಿತು. ‘ಸತ್ಯಂ ನೂರು ಷೇರು ತಗೊಂಡು ಸುಮ್ಮನೆ ಇಟ್ಟಿದ್ದಿದ್ರೆ’ ಅಂತ ನನ್ನನ್ನು ಯಾರೂ ಕೇಳಿಲ್ಲ. 2000ದಲ್ಲಿ ನಾನೂ ಒಂದು ಸಾಫ್ಟ್‌ವೇರ್ ಷೇರು ಕೊಂಡು ಸುಮ್ಮನೆ ಇಟ್ಟೆ. ಹೆಸರು ಬೇಡ, ಈಗ ಕಂಪನಿಯೇ ಇಲ್ಲ. ಸರ್ಟಿಫಿಕೇಟು ಟ್ರಂಕಿನಲ್ಲಿದೆ.

ಟ್ರಂಕು ಅಂದಾಗ ನೆನಪಾಯಿತು. ಈ ‘ಇದ್ದಿದ್ರೆ’ ಲೆಕ್ಕ ಕೇಳುವವರಲ್ಲಿ ಒಬ್ಬರೂ ‘ನಮ್ಮಪ್ಪ ನಿಜವಾಗಲೂ ತಗೊಂಡಿದ್ದ ಷೇರು ಏನಾಯಿತು’ ಅಂತ ಕೇಳುವುದಿಲ್ಲ. ಹಳೇ ಎಲ್‌ಐಸಿ ಪಾಲಿಸಿ, ಪಹಣಿ, ಜಾತಕಗಳ ಕೆಳಗೆ ಒಮ್ಮೆ ನೋಡಿ. ಕಾಗದದ ಷೇರು ಸಿಕ್ಕಿದರೆ ಅದರ ಮೇಲಿರುವ ಫೋಲಿಯೊ ನಂಬರ್ (ಷೇರುದಾರರ ಖಾತೆ ಸಂಖ್ಯೆ) ಬರೆದುಕೊಂಡು ಆ ಕಂಪನಿಯ ರಿಜಿಸ್ಟ್ರಾರ್‌ಗೆ, ಅಂದರೆ ಅದರ ಷೇರುದಾರರ ಲೆಕ್ಕ ಇಡುವ ಸಂಸ್ಥೆಗೆ, ಪತ್ರ ಹಾಕಿ. ಲಿಸ್ಟ್ ಆದ ಕಂಪನಿಯ ಕಾಗದದ ಷೇರನ್ನು 2019ರ ಏಪ್ರಿಲ್ 1ರಿಂದ ಹಾಗೇ ಮಾರಲು ಬರುವುದಿಲ್ಲ, ಡಿಮ್ಯಾಟ್ ಆಗಬೇಕು, ಅಂದರೆ ಕಾಗದ ಹೋಗಿ ಕಂಪ್ಯೂಟರ್ ಖಾತೆಗೆ ಬರಬೇಕು. ಆದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ವರ್ಗಾಯಿಸಲು ಅಡ್ಡಿಯಿಲ್ಲ. ಸತತ ಏಳು ವರ್ಷ ಡಿವಿಡೆಂಡ್ ಯಾರೂ ತಗೊಳ್ಳದಿದ್ದರೆ ಹಣದ ಜೊತೆ ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತದೆ. ಹೆದರಬೇಡಿ, ಐಇಪಿಎಫ್-5 ಅನ್ನುವ ಫಾರಂ ತುಂಬಿ ವಾಪಸ್ ಕೇಳಬಹುದು. ‘ನಾನು ಬಿಡಿಸಿಕೊಡ್ತೀನಿ, ಅರ್ಧ ನನಗೆ’ ಅನ್ನುವ ಬ್ರೋಕರ್ ಮನೆಗೆ ಬಂದರೆ ಕಾಫಿ ಕೊಟ್ಟು ಕಳಿಸಿ.

ಕಾಗದದ ಮೇಲೆ 100 ಅಂತಿದ್ದರೆ ಈಗಲೂ ನೂರೇ ಇದೆ ಅಂದುಕೊಳ್ಳಬೇಡಿ. ಆಮೇಲಿನ ಬೋನಸ್ಸಿನ ಕಾಗದಗಳು ಬೇರೆ ಬೇರೆಯಾಗಿ ಅಂಚೆಯಲ್ಲಿ ಬಂದಿರುತ್ತವೆ, ಹಳೇ ಬಾಡಿಗೆ ಮನೆ ವಿಳಾಸಕ್ಕೆ ಹೋಗಿ ಹಿಂದಿರುಗಿರಲೂಬಹುದು. ರಿಜಿಸ್ಟ್ರಾರ್‌ಗೆ ಬರೆಯುವಾಗ ಅವನ್ನೂ ಸೇರಿಸಿ ಕೇಳಿ.