ಕ್ಯಾಥೊಲಿಕ್ ಯೂನಿವರ್ಸಿಟಿಗೆ ಸೇರಿದರೆ ಚರ್ಚಿಗೆ ಹೋಗಲೇಬೇಕಾ?

ಪ್ರಶ್ನೆ: ಮಗಳಿಗೆ ಅಮೆರಿಕದ ಗೊನ್ಜಾಗ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಅದು ಸಣ್ಣದು, ಕ್ಯಾಥೊಲಿಕ್ ಸಂಸ್ಥೆ ಅಂತಾರೆ. ನಾವು ಹಿಂದೂಗಳು. ಪ್ರತಿ ಭಾನುವಾರ ಚರ್ಚಿಗೆ ಹೋಗಲೇಬೇಕಾ? ಕೊನೆಗೆ ಮತಾಂತರ ಮಾಡಿಬಿಡ್ತಾರೆ ಅಂತ ಮನೆಯಲ್ಲಿ ಹಿರಿಯರಿಗೆ ಹೆದರಿಕೆ. ಕಳಿಸಬಹುದಾ ಸಾರ್?

ಕಳಿಸಬಹುದು. ಚರ್ಚಿಗೆ ಹೋಗಬೇಕಾಗಿಲ್ಲ. ಮತಾಂತರ ಮಾಡುವುದಿಲ್ಲ.

ಇಷ್ಟು ಹೇಳಿ ಪೆನ್ನು ಕೆಳಗಿಡಬಹುದಿತ್ತು. ಆದರೆ ಏಪ್ರಿಲ್ ಬಂತು ಅಂದರೆ ಇದೇ ಪ್ರಶ್ನೆ ಹತ್ತು ಬಣ್ಣದಲ್ಲಿ ಬರುತ್ತದೆ. ಮೇ 1ರೊಳಗೆ ಸೀಟು ಖಚಿತ ಮಾಡಬೇಕು, ಮನೆಯಲ್ಲಿ ಗಲಾಟೆ, ಯಾರೋ ನೆಂಟರು ಏನೋ ಹೇಳಿದ್ದಾರೆ. ಪ್ರತಿ ವರ್ಷ ಉತ್ತರ ಕೊಡುತ್ತೇನೆ, ಪ್ರತಿ ವರ್ಷ ಮತ್ತೆ ಅದೇ. ಈ ಸಲ ಬೇರು ಸಮೇತ ಹೇಳಿಬಿಡುತ್ತೇನೆ.

ಮೊದಲು ಊರಿನ ವಿಷಯ. ಗೊನ್ಜಾಗ ಇರುವುದು ವಾಷಿಂಗ್ಟನ್ ರಾಜ್ಯದ ಸ್ಪೋಕ್ಯಾನ್‌ನಲ್ಲಿ. ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 450 ಕಿಲೋಮೀಟರ್. ಶುರುವಾಗಿದ್ದು 1887ರಲ್ಲಿ. ಕಟ್ಟಿದ್ದು ಯೇಸುಸಭೆ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘದವರು, ಅವರನ್ನೇ ಜೆಸ್ವಿಟರು ಅನ್ನುವುದು. ಅಮೆರಿಕದಲ್ಲಿ ಅವರ 27 ಕಾಲೇಜು, ಯೂನಿವರ್ಸಿಟಿಗಳಿವೆ. ಗೊನ್ಜಾಗದಲ್ಲಿ ಪದವಿ ವಿದ್ಯಾರ್ಥಿಗಳು ಐದು ಸಾವಿರದ ಆಸುಪಾಸು. ಎಂಜಿನಿಯರಿಂಗ್, ಬಿಸಿನೆಸ್, ನರ್ಸಿಂಗ್ ಎಲ್ಲ ಉಂಟು, 1912ರಿಂದ ಕಾನೂನು ಕಾಲೇಜೂ ಉಂಟು. ಸಣ್ಣದು ಅಂದರೆ ಕಳಪೆ ಅಂತಲ್ಲ. ಮೇಷ್ಟ್ರಿಗೆ ನಿಮ್ಮ ಮಗಳ ಹೆಸರು ಗೊತ್ತಿರುತ್ತದೆ ಅಂತ.

ಇನ್ನು ಆ ಹೆದರಿಕೆ.

ಬಲಿಪೂಜೆಗೆ, ಅಂದರೆ ಚರ್ಚಿನಲ್ಲಿ ನಡೆಯುವ ಪೂಜೆಗೆ, ಯಾರೂ ಹಾಜರಾತಿ ಹಾಕುವುದಿಲ್ಲ. ಕ್ಯಾಂಪಸ್ಸಿನಲ್ಲೇ ಸಂತ ಅಲೋಶಿಯಸ್ ಚರ್ಚ್ ಇದೆ, ಅದರ ಜೋಡಿ ಗೋಪುರ ದೂರದಿಂದಲೇ ಕಾಣುತ್ತದೆ. ಹೋಗುವವರು ಹೋಗುತ್ತಾರೆ. ಭಾನುವಾರ ಹತ್ತು ಗಂಟೆವರೆಗೆ ಮಲಗಿದ್ದವರನ್ನು ಯಾರೂ ಬಂದು ಎಬ್ಬಿಸುವುದಿಲ್ಲ. ಕ್ಯಾಥೊಲಿಕರಲ್ಲದ ಮಕ್ಕಳು, ಯಾವ ಧರ್ಮವೂ ಬೇಡ ಅನ್ನುವ ಮಕ್ಕಳು ಅಲ್ಲಿ ದಂಡಿಯಾಗಿ ಓದುತ್ತಿದ್ದಾರೆ. ಯೂನಿವರ್ಸಿಟಿಯ ಅಧ್ಯಕ್ಷರ ಕುರ್ಚಿಯಲ್ಲೂ 2010ರಿಂದ ಪಾದ್ರಿಗಳಿಲ್ಲ.

ಈಗ ಯಾರೂ ಯೋಚಿಸದ ಒಂದು ಮಾತು. ಕ್ಯಾಥೊಲಿಕ್ ಆಗುವುದು ಅಷ್ಟು ಸುಲಭ ಅಂದುಕೊಂಡಿದ್ದೀರಾ? ದೊಡ್ಡವರಾದ ಮೇಲೆ ಯಾರಾದರೂ ತಾವಾಗಿಯೇ ಬಂದು "ನನಗೆ ದೀಕ್ಷಾಸ್ನಾನ ಕೊಡಿ" ಅಂದರೂ ಮರುದಿನ ಕೊಡುವುದಿಲ್ಲ. ತಿಂಗಳುಗಟ್ಟಲೆ ತರಗತಿ. ಜೊತೆಗೆ ನಿಂತು ನಡೆಸುವವರು ಒಬ್ಬರು ಬೇಕು. ನಿಜವಾಗಿ ಮನಸ್ಸಿದೆಯಾ ಅಂತ ಮತ್ತೆ ಮತ್ತೆ ಕೇಳುತ್ತಾರೆ. ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ದೀಕ್ಷೆ ಆಗುತ್ತದೆ. ಹಾಸ್ಟೆಲಿನಲ್ಲಿದ್ದ ಹುಡುಗಿ ಗೊತ್ತಿಲ್ಲದೆ ಅದರೊಳಗೆ ಬಿದ್ದುಬಿಡುವುದು ಹೇಗೆ?

ಪ್ರಸಾದದ ವಿಷಯವೂ ಹಾಗೇ. "ಆ ರೊಟ್ಟಿ ತಿನ್ನಿಸಿಬಿಟ್ಟರೆ?" ಅಂತ ಒಬ್ಬ ಅಜ್ಜಿ ಕೇಳಿದ್ದರು. ಅಜ್ಜಿ, ಅವರು ಕೊಡುವುದೇ ಇಲ್ಲ. ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಪಾದ್ರಿ ಹಂಚುವ ಆ ರೊಟ್ಟಿ, ಕ್ಯಾಥೊಲಿಕರಿಗೆ ಮಾತ್ರ. ಗೆಳತಿಯ ಜೊತೆ ಸುಮ್ನೆ ನೋಡಲು ಹೋದ ಹುಡುಗಿ ತನ್ನ ಬೆಂಚಿನಲ್ಲೇ ಕೂತಿರುತ್ತಾಳೆ. ಇಲ್ಲವೇ ಎದೆಯ ಮೇಲೆ ಕೈ ಕಟ್ಟಿಕೊಂಡು ಸಾಲಿನಲ್ಲಿ ಹೋದರೆ ಪಾದ್ರಿ ಒಂದು ಆಶೀರ್ವಾದ ಹೇಳಿ ಕಳಿಸುತ್ತಾರೆ. ಅಷ್ಟೇ.

ಚರ್ಚಿನ ಸ್ವಂತ ನಿಯಮವೂ ಇದೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಕ್ಯಾಥೊಲಿಕ್ ಬಿಷಪ್ಪರು ಸೇರಿದ ಸಭೆ, ಧರ್ಮ ಸ್ವಾತಂತ್ರ್ಯದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅದೇ ವರ್ಷ ಬೇರೆ ಧರ್ಮಗಳ ಬಗ್ಗೆ ಇನ್ನೊಂದು ಘೋಷಣೆ ಬಂತು. ಅದರಲ್ಲಿ ಹಿಂದೂ ಧರ್ಮವನ್ನು ಹೆಸರು ಹಿಡಿದು ಗೌರವದಿಂದ ಮಾತಾಡಿದ್ದಾರೆ. ಇದು ಆಗಿ ಅರವತ್ತು ವರ್ಷ ದಾಟಿತು. ನಮ್ಮ ಹೆದರಿಕೆ ಮಾತ್ರ ಇದ್ದಲ್ಲೇ ಇದೆ.

ನನಗೆ ನಿಜವಾಗಿ ಬೇಸರವಾಗುವುದು ಬೇರೆ ಕಾರಣಕ್ಕೆ. ಈ ಪ್ರಶ್ನೆ ಕೇಳುವವರಲ್ಲಿ ಎಷ್ಟೋ ಜನ ತಾವೇ ಕಾನ್ವೆಂಟಿನಲ್ಲಿ ಓದಿದವರು. ಕಳೆದ ವರ್ಷ ಒಬ್ಬ ತಾಯಿ ಇದನ್ನೇ ಕೇಳಿದರು. ನೀವು ಎಲ್ಲಿ ಓದಿದ್ದಮ್ಮಾ ಅಂದೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಸಿಸ್ಟರುಗಳ ಶಾಲೆಯಲ್ಲಂತೆ. ಬೆಳಗಿನ ಪ್ರಾರ್ಥನೆ ಇವತ್ತಿಗೂ ಬಾಯಿಪಾಠ. ಮನೆಯಲ್ಲಿ ವರಮಹಾಲಕ್ಷ್ಮಿ ವ್ರತ ಒಂದು ವರ್ಷವೂ ತಪ್ಪಿಲ್ಲ. "ಹಾಗಾದರೆ ನಿಮಗೆ ಏನಾಯಿತು?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇಂಗ್ಲಿಷ್ ಬಂತು, ಶಿಸ್ತು ಬಂತು" ಅಂದರು. ಮಗಳು ಈಗ ಅಮೆರಿಕದಲ್ಲಿದ್ದಾಳೆ.

ಹಾಗಂತ ಅಲ್ಲಿ ಕ್ಯಾಥೊಲಿಕ್ ಬಣ್ಣವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಮುಚ್ಚುಮರೆಯಿಲ್ಲದೆ ಇದೆ. ಶಿಲುಬೆ ಕಾಣುತ್ತದೆ. ಶುಭ ಶುಕ್ರವಾರ ರಜೆ. ಪಾಠದಲ್ಲೂ ಇದೆ. ಯಾವ ವಿಷಯ ಓದಿದರೂ ಎಲ್ಲರೂ ಮುಗಿಸಬೇಕಾದ ಕೆಲವು ಪತ್ರಿಕೆಗಳಿವೆ: ಮನುಷ್ಯ ಸ್ವಭಾವದ ತತ್ತ್ವಶಾಸ್ತ್ರ, ಕ್ರೈಸ್ತ ಮತ್ತು ಕ್ಯಾಥೊಲಿಕ್ ಪರಂಪರೆ, ನೀತಿಶಾಸ್ತ್ರ, ಜಗತ್ತಿನ ಧರ್ಮಗಳು. ಕಂಪ್ಯೂಟರ್ ಓದುವ ಹುಡುಗಿಯೂ ಇವನ್ನು ಬರೆಯಲೇಬೇಕು. ಆದರೆ ಮಾರ್ಕ್ಸ್ ಬರುವುದು ಓದಿ, ವಾದ ಕಟ್ಟಿ, ಪ್ರಬಂಧ ಬರೆದದ್ದಕ್ಕೆ. ನಂಬಿದ್ದಕ್ಕಲ್ಲ. ಒಪ್ಪುವುದಿಲ್ಲ ಅಂತ ಬರೆದು ಒಳ್ಳೆಯ ಗ್ರೇಡ್ ತೆಗೆಯಬಹುದು. ನನ್ನ ಅಭಿಪ್ರಾಯದಲ್ಲಿ ಇದೇ ಈ ಸಂಸ್ಥೆಗಳ ದೊಡ್ಡ ಲಾಭ. ಇಪ್ಪತ್ತನೇ ವಯಸ್ಸಿನಲ್ಲಿ ಕೂತು "ಒಳ್ಳೆಯದು ಅಂದರೇನು" ಅಂತ ಒಂದಿಡೀ ಸೆಮಿಸ್ಟರ್ ಯೋಚಿಸುವ ಅವಕಾಶ ನಮ್ಮ ಎಂಜಿನಿಯರಿಂಗ್ ಮಕ್ಕಳಿಗೆ ಎಲ್ಲಿ ಸಿಗುತ್ತದೆ?

ಇನ್ನೊಂದು ಎಚ್ಚರ. ಎಲ್ಲ ಕ್ಯಾಥೊಲಿಕ್ ಯೂನಿವರ್ಸಿಟಿಗಳೂ ಒಂದೇ ಥರ ಇಲ್ಲ. ಇಂಡಿಯಾನಾದ ನೋಟರ್ ಡೇಮ್‌ನಲ್ಲಿ ಹುಡುಗರ ಹಾಸ್ಟೆಲ್ ಬೇರೆ, ಹುಡುಗಿಯರ ಹಾಸ್ಟೆಲ್ ಬೇರೆ. ರಾತ್ರಿ ಇಷ್ಟು ಗಂಟೆಯ ಮೇಲೆ ಒಬ್ಬರ ಕಟ್ಟಡದಲ್ಲಿ ಇನ್ನೊಬ್ಬರು ಇರುವಂತಿಲ್ಲ. ಗೊನ್ಜಾಗದಲ್ಲಿ ಮೊದಲ ಎರಡು ವರ್ಷ ಕ್ಯಾಂಪಸ್ಸಿನಲ್ಲೇ ವಾಸ ಮಾಡಬೇಕು. ನೀವು ವಿಚಾರಿಸಬೇಕಾದ್ದು ಇಂಥವನ್ನು. ಹಾಸ್ಟೆಲ್ ಖರ್ಚು ಎಷ್ಟು, ಸಸ್ಯಾಹಾರ ಏನು ಸಿಗುತ್ತದೆ, ಚಳಿಗೆ ಯಾವ ಜಾಕೆಟ್. ಸ್ಪೋಕ್ಯಾನ್‌ನಲ್ಲಿ ಹಿಮ ಬೀಳುತ್ತದೆ, ಮೈಸೂರಿನ ಸ್ವೆಟರ್ ಸಾಕಾಗುವುದಿಲ್ಲ.

ಆ ಊರಿನಲ್ಲಿ ಧರ್ಮದಷ್ಟೇ ಭಕ್ತಿ ಇರುವುದು ಬ್ಯಾಸ್ಕೆಟ್‌ಬಾಲ್ ಮೇಲೆ. ಅಮೆರಿಕನ್ ಫುಟ್‌ಬಾಲ್ ತಂಡವನ್ನು 1941ರ ನಂತರ ನಿಲ್ಲಿಸಿಬಿಟ್ಟರು. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಆರು ಸಾವಿರ ಸೀಟು, ಅದನ್ನು "ಕೆನಲ್", ಅಂದರೆ ನಾಯಿಗೂಡು, ಅಂತಾರೆ, ಯಾಕೆಂದರೆ ತಂಡದ ಗುರುತು ಬುಲ್‌ಡಾಗ್. ದೊಡ್ಡ ಪಂದ್ಯ ಬಂತೆಂದರೆ ಮಕ್ಕಳು ಚಳಿಯಲ್ಲಿ ಹೊರಗೆ ಟೆಂಟ್ ಹಾಕಿ ಕಾಯುತ್ತಾರೆ, ಒಳ್ಳೆಯ ಜಾಗ ಹಿಡಿಯಲು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಅತಿ ಹೆಚ್ಚು ಅಸಿಸ್ಟ್‌ಗಳ (ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್‌ಗಳ) ದಾಖಲೆ ಬರೆದ ಜಾನ್ ಸ್ಟಾಕ್‌ಟನ್ ಇಲ್ಲೇ ಓದಿದವರು. 1999ರಿಂದ ಮಾರ್ಕ್ ಫ್ಯೂ ಕೋಚ್. 2017ರಲ್ಲಿ ಮತ್ತು 2021ರಲ್ಲಿ ತಂಡ ರಾಷ್ಟ್ರೀಯ ಫೈನಲ್ ಆಡಿತು. ಎರಡರಲ್ಲೂ ಸೋತಿತು. ಐದು ಸಾವಿರ ಮಕ್ಕಳ ಕಾಲೇಜು ಅಷ್ಟು ದೂರ ಹೋಗಿದ್ದೇ ದೊಡ್ಡ ಮಾತು, ಅಲ್ವಾ?

ಇಲ್ಲಿ ತಂದೆಯರಿಗೊಂದು ಮಾತು. ಮಗಳು ರಾಜ್ಯಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದ್ದಾಳೆ, ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ. ಅಮೆರಿಕದ ಕಾಲೇಜು ಕ್ರೀಡಾ ಸಂಘದ ಪಟ್ಟಿಯಲ್ಲಿ ಬ್ಯಾಡ್ಮಿಂಟನ್ ಇಲ್ಲ, ಕ್ರಿಕೆಟ್ಟೂ ಇಲ್ಲ. ಟೆನಿಸ್, ಗಾಲ್ಫ್, ಓಟ ಇದೆ. ಅಲ್ಲಿ ಕಾಲೇಜುಗಳನ್ನು ಆಟಕ್ಕಾಗಿ ಮೂರು ಡಿವಿಷನ್ ಮಾಡಿದ್ದಾರೆ, ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಇರುವುದು ಮೊದಲ ಮತ್ತು ಎರಡನೇ ಡಿವಿಷನ್ ಕಾಲೇಜುಗಳಲ್ಲಿ. ಸಣ್ಣ ಕ್ಯಾಥೊಲಿಕ್ ಕಾಲೇಜುಗಳಲ್ಲಿ ಎಷ್ಟೋ ಮೂರನೇ ಡಿವಿಷನ್ನಿನವು, ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಗೊನ್ಜಾಗ ಮೊದಲ ಡಿವಿಷನ್.

ಇಷ್ಟೆಲ್ಲ ಕೇಳಿದವರು ಒಂದನ್ನು ಮಾತ್ರ ಯಾರೂ ಕೇಳುವುದಿಲ್ಲ. ಗೊನ್ಜಾಗ ಅಂದರೆ ಯಾರು?

ಮಂಗಳೂರಿನವರಿಗೆ ಗೊತ್ತಿರಬೇಕಿತ್ತು. ಬಾವುಟಗುಡ್ಡೆಯ ಮೇಲಿನ ಅಲೋಶಿಯಸ್ ಕಾಲೇಜಿನ ಅಲೋಶಿಯಸ್ ಇವನೇ. ಪೂರ್ತಿ ಹೆಸರು ಅಲೋಶಿಯಸ್ ಗೊನ್ಜಾಗ. ಇಟಲಿಯ ಕಾಸ್ತಿಲ್ಯೋನೆಯ ಪಾಳೇಗಾರ ಮನೆತನದ ಹಿರಿಮಗ, ಹುಟ್ಟಿದ್ದು 1568ರಲ್ಲಿ. ತಂದೆಗೆ ಮಗ ಸೈನ್ಯ ಕಟ್ಟಿ ಆಳಬೇಕು ಅಂತ ಆಸೆ. ಮಗ ಆಸ್ತಿಯನ್ನು ತಮ್ಮನ ಹೆಸರಿಗೆ ಬಿಟ್ಟುಕೊಟ್ಟು 1585ರಲ್ಲಿ ಯೇಸುಸಭೆ ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಬಂದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ಸಾಗಿಸಿದ. ಅದೇ ರೋಗ ತಗುಲಿ ಜೂನ್ 21ರಂದು ತೀರಿಕೊಂಡ. ವಯಸ್ಸು 23.

ಎರಡು ಕಾಲೇಜಿಗೂ ಒಂದೇ ಹೆಸರು ಬರುವುದಕ್ಕೆ ಹಿನ್ನೆಲೆಯೂ ಇದೆ. ಇಟಲಿ ಒಂದಾಗುವ ಹೊತ್ತಿಗೆ ಅಲ್ಲಿ ಜೆಸ್ವಿಟರಿಗೆ ನೆಲೆ ತಪ್ಪಿತು. ದೇಶ ಬಿಟ್ಟು ಹೊರಟವರಲ್ಲಿ ಕೆಲವರು ಅಮೆರಿಕದ ರಾಕಿ ಬೆಟ್ಟಗಳ ಕಡೆ ಹೋದರು, ಕೆಲವರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದರು. ಇಲ್ಲಿಯ ಕಾಲೇಜು 1880ರಲ್ಲಿ ತೆರೆಯಿತು, ಅಲ್ಲಿಯದು ಏಳು ವರ್ಷ ತಡವಾಗಿ. ಸ್ಪೋಕ್ಯಾನ್‌ಗಿಂತ ನಮ್ಮ ಗುಡ್ಡವೇ ಹಿರಿಯದು. ಮಂಗಳೂರಿನದೂ 2024ರಲ್ಲಿ ಡೀಮ್ಡ್ ಯೂನಿವರ್ಸಿಟಿ ಆಗಿದೆ.

ಆದ್ದರಿಂದ ಹಿರಿಯರ ಹೆದರಿಕೆ ಇನ್ನೂ ಹೋಗದಿದ್ದರೆ ಒಂದು ಕೆಲಸ ಮಾಡಿ. ಮಗಳು ವಿಮಾನ ಹತ್ತುವ ಮೊದಲು ಒಂದು ದಿನ ಎಲ್ಲರನ್ನೂ ಕರೆದುಕೊಂಡು ಮಂಗಳೂರಿಗೆ ಹೋಗಿ. ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಗೋಡೆಯಿಂದ ಚಾವಣಿಯವರೆಗೆ ಚಿತ್ರ. ಅಂತೋನಿಯೋ ಮೊಸ್ಕೇನಿ ಅನ್ನುವ ಇಟಲಿಯ ಬ್ರದರ್ 1899ರಿಂದ ಎರಡು ವರ್ಷ ಕೂತು ಬರೆದದ್ದು. ಚಾವಣಿಯಲ್ಲಿ ಈ ಹುಡುಗನ ಬದುಕೇ ಇದೆ. ಕತ್ತೆತ್ತಿ ನೋಡಲಿ, ಮಗಳು ಹೋಗುತ್ತಿರುವುದು ಇವನ ಹೆಸರಿನ ಕಾಲೇಜಿಗೆ.